ಮೊದಲು ಡಿಸ್ಕ್ ಎಣಿಸಿ, ಆಮೇಲೆ ಪ್ಲೇಯರ್ ತಗೊಳ್ಳಿ

ಹಾರಂಗಿಯಿಂದ ವೀಕ್ಷಕರೊಬ್ಬರು ಒಂದು ಪ್ರಶ್ನೆ ಕೇಳಿದ್ದಾರೆ. ಅಣೆಕಟ್ಟೆ ಹತ್ತಿರವೇ ಅವರ ಮನೆ. ಹಾಲ್‌ನಲ್ಲಿ 55 ಇಂಚಿನ 4ಕೆ ಟಿವಿ ಇದೆ, ಹಳೇ 5.1 ಹೋಂ ಥಿಯೇಟರ್ ಇದೆ. ಬ್ಲೂ-ರೇ ಪ್ಲೇಯರ್ ಬೇಕು ಅಂತ ಕುಶಾಲನಗರದ ಅಂಗಡಿಗೆ ಹೋದರೆ, "ಈ ಕಾಲದಲ್ಲಿ ಡಿಸ್ಕ್ ಯಾಕೆ ಸರ್, ಎಲ್ಲಾ ಆನ್‌ಲೈನಲ್ಲೇ ಬರುತ್ತಲ್ಲ" ಅಂದರಂತೆ.

ಆ ಮಾತು ಬೆಂಗಳೂರಿಗೆ ಸರಿ. ಕೊಡಗಿನ ಮಳೆಗಾಲಕ್ಕೆ ಸರಿಯಾ? ಹಾರಂಗಿ ತುಂಬಿದೆ, ಗೇಟ್ ತೆಗೆದು ನದಿಗೆ ನೀರು ಬಿಟ್ಟಿದ್ದಾರೆ ಅಂತ ನಾವು ಸ್ಟುಡಿಯೋದಲ್ಲಿ ಕೂತು ಬ್ರೇಕಿಂಗ್ ನ್ಯೂಸ್ ಓದುವ ಹೊತ್ತಿಗೆ, ಆ ಕಡೆ ಎಲ್ಲೋ ಲೈನ್ ಮೇಲೆ ಮರ ಬಿದ್ದಿರುತ್ತೆ. ನೆಟ್‌ವರ್ಕ್ ಹೋಗಿರುತ್ತೆ. ಇನ್‌ವರ್ಟರ್ ಇದ್ದರೆ ಟಿವಿ, ಪ್ಲೇಯರ್ ಎರಡೂ ಓಡುತ್ತವೆ. ಡಿಸ್ಕಿಗೆ ಟವರ್ ಬೇಕಿಲ್ಲ. ಓಟಿಟಿಯಲ್ಲಿ ಹಕ್ಕಿನ ಅವಧಿ ಮುಗಿದರೆ ಸಿನಿಮಾ ಮಾಯ ಆಗುತ್ತೆ, ಕಪಾಟಿನಲ್ಲಿರೋದು ಎಲ್ಲಿಗೂ ಹೋಗಲ್ಲ.

ಚಿತ್ರದ ಗುಣಮಟ್ಟದಲ್ಲೂ ಡಿಸ್ಕೇ ಮುಂದು. ಡಿವಿಡಿಯಲ್ಲಿ ಒಂದು ಪದರಕ್ಕೆ 4.7 ಜಿಬಿ ಹಿಡಿಯುತ್ತೆ. 2006ರಲ್ಲಿ ಬಂದ ಬ್ಲೂ-ರೇಯಲ್ಲಿ 25 ಜಿಬಿ, ಎರಡು ಪದರ ಇದ್ದರೆ 50. ಕೆಂಪು ಲೇಸರ್ ಬದಲು ನೀಲಿ-ನೇರಳೆ ಲೇಸರ್ ಬಳಸಿದ್ದರಿಂದ ಇನ್ನೂ ಸಣ್ಣದಾಗಿ ಬರೆಯೋಕೆ ಆಯ್ತು, ಅಷ್ಟೇ ಗುಟ್ಟು. 4ಕೆ ಸಿನಿಮಾಗೆ ನೆಟ್‌ಫ್ಲಿಕ್ಸ್ 15 ಎಂಬಿಪಿಎಸ್ ವೇಗ ಇರಲಿ ಅನ್ನುತ್ತೆ. ಸಾಮಾನ್ಯ ಬ್ಲೂ-ರೇಯಲ್ಲಿ ಬರೀ ಚಿತ್ರಕ್ಕೇ 40ರವರೆಗೆ ಜಾಗ ಇದೆ. ಕತ್ತಲೆಯ ದೃಶ್ಯ, ಮಂಜು, ಮಳೆ ಬಂದಾಗ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ.

ಹಾಗಾದರೆ ತಗೊಂಡೇಬಿಡಿ ಅಂತೀರಾ? ನಿಲ್ಲಿ. ನಾನು ಅವರಿಗೆ ತಿರುಗಿ ಕೇಳೋದು ಒಂದೇ ಪ್ರಶ್ನೆ: ನಿಮ್ಮ ಕಪಾಟಿನಲ್ಲಿ ಏನಿದೆ? ನೀವು ಕೂಡಿಟ್ಟಿರೋದು ಕನ್ನಡ ಸಿನಿಮಾ ಆದರೆ ಅದು ಡಿವಿಡಿ, ಇಲ್ಲಾ ವಿಸಿಡಿ. ಕನ್ನಡದಲ್ಲಿ ಬ್ಲೂ-ರೇ ಬಂದಿದ್ದು ತೀರಾ ಕಡಿಮೆ. ಮೋಸರ್ ಬೇರ್‌ನವರು ವಿಸಿಡಿ 28 ರೂಪಾಯಿಗೆ, ಡಿವಿಡಿ 34 ರೂಪಾಯಿಗೆ ಕೊಟ್ಟ ಕಾಲ ನೆನಪಿದೆಯಲ್ಲ? ಆ ರಾಶಿ ಈಗಲೂ ಎಷ್ಟೋ ಮನೆಗಳಲ್ಲಿದೆ. ಬ್ಲೂ-ರೇ ಪ್ಲೇಯರ್ ಡಿವಿಡಿ ಓದುತ್ತೆ, ಆದರೆ ಎಲ್ಲಾ ಮಾಡೆಲ್‌ಗಳೂ ವಿಸಿಡಿ ಓದಲ್ಲ. ಡಬ್ಬದ ಮೇಲಿನ ಪಟ್ಟಿ ಓದಿ. "ಡಿವಿಡಿಯನ್ನ 4ಕೆ ಮಾಡಿ ತೋರಿಸುತ್ತೆ ಸರ್" ಅಂದರೆ ಮರುಳಾಗಬೇಡಿ. ನಿಮ್ಮ 4ಕೆ ಟಿವಿ ಆ ಕೆಲಸ ಆಗಲೇ ಮಾಡ್ತಿದೆ. ಬರೀ ಡಿವಿಡಿ ಇದ್ದರೆ ಎಚ್‌ಡಿಎಂಐ ಇರೋ ಸಾದಾ ಡಿವಿಡಿ ಪ್ಲೇಯರ್ ಸಾಕು. ಇಂಗ್ಲಿಷ್ ಸಿನಿಮಾಗಳನ್ನ ಮುಂದೆ 4ಕೆ ಡಿಸ್ಕಿನಲ್ಲೇ ಕೊಳ್ಳೋ ಮನಸ್ಸಿದ್ದರೆ ಮಾತ್ರ 4ಕೆ ಪ್ಲೇಯರ್‌ಗೆ ದುಡ್ಡು ಹಾಕಿ. ಅದು ಬ್ಲೂ-ರೇ, ಡಿವಿಡಿ ಕೂಡ ಓದುತ್ತೆ. ಸಾಮಾನ್ಯ ಬ್ಲೂ-ರೇ ಪ್ಲೇಯರ್ 4ಕೆ ಡಿಸ್ಕ್ ಓದಲ್ಲ.

ಇನ್ನು ಹೋಂ ಥಿಯೇಟರ್. ಅದರ ಹಿಂದೆ ತಿರುಗಿಸಿ ನೋಡಿ. ಎಚ್‌ಡಿಎಂಐ ಇನ್‌ಪುಟ್ ಇದ್ದು, ಡಾಲ್ಬಿ ಟ್ರೂ-ಎಚ್‌ಡಿ, ಡಿಟಿಎಸ್-ಎಚ್‌ಡಿ ಅಂತ ಬರೆದಿದ್ದರೆ ನೀವು ಅದೃಷ್ಟವಂತರು. ಬರೀ ಆಪ್ಟಿಕಲ್ ಇದ್ದರೂ 5.1 ಕೇಳುತ್ತೆ, ಆದರೆ ಕುಗ್ಗಿಸಿದ ಹಳೇ ಡಾಲ್ಬಿ, ಡಿಟಿಎಸ್ ಅಷ್ಟೇ. ನಮ್ಮ ಕಡೆಯ ಅಗ್ಗದ ಸೆಟ್‌ಗಳಲ್ಲಿ ಆರು ಪಿನ್ ಚುಚ್ಚೋ ತೂತು ಮಾತ್ರ ಇರುತ್ತೆ. ಅದಕ್ಕೆ ಸರಿಹೊಂದೋ ಆರು ಔಟ್‌ಪುಟ್ ಈಗಿನ ಹೆಚ್ಚಿನ ಪ್ಲೇಯರ್‌ಗಳಲ್ಲಿ ಇಲ್ಲ. ಆಮೇಲೆ ಪ್ಲೇಯರನ್ನ ಬೈದು ಏನು ಪ್ರಯೋಜನ?

ಅಮೆರಿಕದಲ್ಲಿರೋ ಮಗನೋ ಅಳಿಯನೋ ತರ್ತೀನಿ ಅಂದರೆ ಎರಡು ವಿಷಯ ಕೇಳಿ. ಒಂದು ವೋಲ್ಟೇಜ್. ಅಲ್ಲಿನದು 120, ನಮ್ಮದು 230. ಎರಡನೇದು ರೀಜನ್. ಬ್ಲೂ-ರೇಗೆ ಅಮೆರಿಕ ಎ, ಗಲ್ಫ್ ಬಿ, ಭಾರತ ಸಿ. 4ಕೆ ಡಿಸ್ಕಿಗೆ ಈ ತಡೆ ಇಲ್ಲ. ಆದರೆ ಅಲ್ಲಿನ ಪ್ಲೇಯರಿನಲ್ಲಿ ನಿಮ್ಮ ಡಿವಿಡಿ ಓಡದೇ ಇರಬಹುದು. ಕೊಳ್ಳೋದನ್ನ ತುಂಬಾ ಮುಂದಕ್ಕೆ ಹಾಕಬೇಡಿ ಅಂತಲೂ ಹೇಳ್ತೀನಿ. ಒಪ್ಪೋ 2018ರಲ್ಲಿ ಪ್ಲೇಯರ್ ಮಾಡೋದು ನಿಲ್ಲಿಸಿತು, ಸ್ಯಾಮ್‌ಸಂಗ್ ಕೂಡ ಹಿಂದೆ ಸರಿಯಿತು. ಅಂಗಡಿಯಲ್ಲಿ ಆಯ್ಕೆ ಕಡಿಮೆ ಆಗ್ತಾ ಇದೆ.

ಆ ವೀಕ್ಷಕರು ಕೊನೆಯಲ್ಲಿ ಒಂದು ಸಾಲು ಬರೆದಿದ್ದಾರೆ, ಮಗಳ ಮದುವೆ ಡಿವಿಡಿನೂ ಇದೆ ಅಂತ. ನನ್ನ ಪ್ರಕಾರ ಇಡೀ ಕಪಾಟಿನಲ್ಲಿ ಬೆಲೆಬಾಳೋದು ಅದೊಂದೇ. ಸಿನಿಮಾ ಡಿಸ್ಕ್ ಅಚ್ಚು ಒತ್ತಿ ಮಾಡಿದ್ದು. ಮದುವೆ ಡಿಸ್ಕ್ ಹಾಗಲ್ಲ, ಬಣ್ಣದ ಪದರದ ಮೇಲೆ ಲೇಸರಿನಲ್ಲಿ ಬರೆದದ್ದು. ಬಿಸಿಲು, ತೇವಕ್ಕೆ ಆ ಪದರ ಕೆಡುತ್ತೆ, ಕೊಡಗಿನ ತೇವ ಹೇಗಿರುತ್ತೆ ಅಂತ ಅವರಿಗೆ ನಾನು ಹೇಳಬೇಕಿಲ್ಲ. ಎಷ್ಟು ದುಬಾರಿ ಪ್ಲೇಯರ್ ತಂದರೂ ಕೆಟ್ಟ ಡಿಸ್ಕನ್ನ ಓದಲ್ಲ. ಸರ್, ಪ್ಲೇಯರ್ ದೀಪಾವಳಿಗೆ ತಗೊಳ್ಳಿ. ಮದುವೆ ಡಿಸ್ಕ್ ಮಾತ್ರ ಈ ವಾರವೇ ಡಿವಿಡಿ ಡ್ರೈವ್ ಇರೋ ಕಂಪ್ಯೂಟರ್‌ಗೆ ಹಾಕಿಸಿ, ಎರಡು ಹಾರ್ಡ್‌ಡಿಸ್ಕಿಗೆ ಇಳಿಸಿ, ಒಂದನ್ನ ಮಗಳ ಮನೆಯಲ್ಲಿಡಿ.