ನಿದ್ರಾಭಂಗ ಮತ್ತು ಸ್ನಾಯುಗಳ ದಣಿವಿಗೆ ಮೆಗ್ನೀಸಿಯಮ್ ಪೂರಕಗಳು

ಮೆಗ್ನೀಸಿಯಮ್ ಪೂರಕಗಳು ಎಂದರೆ ಮೆಗ್ನೀಸಿಯಮ್ ಖನಿಜವನ್ನು ಆಹಾರದ ಹೊರತಾಗಿ ಮಾತ್ರೆ, ಕ್ಯಾಪ್ಸೂಲ್, ಪುಡಿ ಅಥವಾ ದ್ರವದ ರೂಪದಲ್ಲಿ ಒದಗಿಸುವ ತಯಾರಿಕೆಗಳು. ನಡುರಾತ್ರಿಯಲ್ಲಿ ಎಚ್ಚರವಾಗಿ ಮತ್ತೆ ನಿದ್ರೆ ಬಾರದಿರುವುದು, ಸ್ನಾಯುಗಳ ದಣಿವು, ಮೀನಖಂಡದ ಸೆಳೆತ ಮುಂತಾದ ತೊಂದರೆಗಳಿಗಾಗಿ ಇವನ್ನು ಅನೇಕರು ವೈದ್ಯರ ಚೀಟಿಯಿಲ್ಲದೆಯೇ ಕೊಂಡು ಸೇವಿಸುತ್ತಾರೆ. ದೇಹದಲ್ಲಿ ಮೆಗ್ನೀಸಿಯಮ್ ಕೊರತೆ ಇರುವವರಿಗೆ ಇವು ನಿಜವಾಗಿಯೂ ಉಪಯುಕ್ತ. ಕೊರತೆ ಇಲ್ಲದವರಿಗೂ ಇವು ಒಳ್ಳೆಯ ನಿದ್ರೆ ತರುತ್ತವೆ ಎಂಬುದಕ್ಕೆ ದೊರೆತಿರುವ ಆಧಾರ ದುರ್ಬಲವಾದುದು.

ದೇಹದಲ್ಲಿ ಮೆಗ್ನೀಸಿಯಮ್‌ನ ಪಾತ್ರ

ವಯಸ್ಕರ ದೇಹದಲ್ಲಿ ಸುಮಾರು 25 ಗ್ರಾಂ ಮೆಗ್ನೀಸಿಯಮ್ ಇರುತ್ತದೆ. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಮೂಳೆಗಳಲ್ಲಿಯೂ, ಉಳಿದುದರಲ್ಲಿ ಬಹುಪಾಲು ಸ್ನಾಯು ಮತ್ತಿತರ ಮೃದು ಅಂಗಾಂಶಗಳಲ್ಲಿಯೂ ಸೇರಿಕೊಂಡಿದೆ. ರಕ್ತದ ಸೀರಂನಲ್ಲಿರುವುದು ಶೇಕಡಾ 1ಕ್ಕಿಂತಲೂ ಕಡಿಮೆ. ಆದ್ದರಿಂದ ರಕ್ತಪರೀಕ್ಷೆಯ ಅಂಕಿ ಸಹಜವಾಗಿದ್ದ ಮಾತ್ರಕ್ಕೆ ಕೊರತೆಯೇ ಇಲ್ಲವೆಂದು ಖಚಿತವಾಗಿ ಹೇಳಲಾಗದು.

ಮುನ್ನೂರಕ್ಕೂ ಹೆಚ್ಚು ಕಿಣ್ವಗಳ ಕೆಲಸಕ್ಕೆ ಈ ಖನಿಜ ಬೇಕು. ಜೀವಕೋಶಗಳಿಗೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವು ಬಹುಮಟ್ಟಿಗೆ ಮೆಗ್ನೀಸಿಯಮ್‌ನೊಡನೆ ಕೂಡಿಕೊಂಡೇ ಕಾರ್ಯನಿರ್ವಹಿಸುತ್ತದೆ. ಸ್ನಾಯು ಸಂಕುಚಿಸಲು ಕ್ಯಾಲ್ಸಿಯಂ ಬೇಕಾದರೆ, ಅದು ಸಡಿಲಗೊಳ್ಳುವಲ್ಲಿ ಮೆಗ್ನೀಸಿಯಮ್ ನೆರವಾಗುತ್ತದೆ. ಮೆದುಳಿನಲ್ಲಿ ನರಕೋಶಗಳನ್ನು ಉದ್ರೇಕಿಸುವ ಎನ್‌ಎಂಡಿಎ ಗ್ರಾಹಕಗಳನ್ನು ಇದು ತಡೆಹಿಡಿಯುತ್ತದೆ. ನಿದ್ರೆಗೂ ಇದಕ್ಕೂ ನಂಟು ಕಲ್ಪಿಸಲಾಗಿರುವುದು ಮುಖ್ಯವಾಗಿ ಈ ಕಾರಣದಿಂದ. ಆದರೆ ದೇಹಕ್ಕೆ ಒಂದು ವಸ್ತು ಅಗತ್ಯವೆಂಬುದು ಬೇರೆ, ಅದನ್ನು ಹೆಚ್ಚಾಗಿ ಕೊಟ್ಟರೆ ಹೆಚ್ಚು ಫಲ ದೊರೆಯುತ್ತದೆಂಬುದು ಬೇರೆ. ಜಾಹೀರಾತುಗಳು ಇವೆರಡನ್ನೂ ಒಂದೇ ಎಂಬಂತೆ ಹೇಳುವುದುಂಟು.

ಸಂಶೋಧನೆಗಳು ಹೇಳುವುದೇನು

ಇರಾನಿನಲ್ಲಿ 46 ಮಂದಿ ವೃದ್ಧರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗವನ್ನು ಈ ವಿಷಯದಲ್ಲಿ ಮತ್ತೆ ಮತ್ತೆ ಉಲ್ಲೇಖಿಸಲಾಗುತ್ತದೆ. ಎಂಟು ವಾರಗಳ ಕಾಲ ದಿನಕ್ಕೆ 500 ಮಿಲಿಗ್ರಾಂ ಮೆಗ್ನೀಸಿಯಮ್ ಪಡೆದವರಲ್ಲಿ ನಿದ್ರಾಹೀನತೆಯ ಅಂಕ ಇಳಿಯಿತು, ನಿದ್ರೆ ಹತ್ತಲು ಬೇಕಾಗುವ ಸಮಯವೂ ಕಡಿಮೆಯಾಯಿತು. ಆದರೆ ಬೆಳಗಿನ ಜಾವಕ್ಕೆ ಮೊದಲೇ ಎಚ್ಚರವಾಗುವ ತೊಂದರೆಯಲ್ಲಿ ಖಚಿತವಾದ ವ್ಯತ್ಯಾಸ ಕಂಡುಬರಲಿಲ್ಲ. 2021ರಲ್ಲಿ ಪ್ರಕಟವಾದ ಒಂದು ವಿಮರ್ಶೆಯು ಒಟ್ಟು 151 ಹಿರಿಯರನ್ನು ಒಳಗೊಂಡ ಮೂರು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿತು. ನಿದ್ರೆ ಸುಮಾರು 17 ನಿಮಿಷ ಬೇಗ ಹತ್ತಿತ್ತು. ಒಟ್ಟು ನಿದ್ರೆಯ ಅವಧಿಯಲ್ಲಿ ಕಂಡ ಹೆಚ್ಚಳ ಮಾತ್ರ ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಪ್ರಯೋಗಗಳ ಗುಣಮಟ್ಟ ಕಡಿಮೆಯೆಂದು ವಿಮರ್ಶಕರೇ ಬರೆದಿದ್ದಾರೆ. ಹೀಗಾಗಿ, ಇರುವ ಅಲ್ಪ ಆಧಾರವೂ ನಿದ್ರೆ ಬೇಗ ಹತ್ತುವುದಕ್ಕೆ ಸಂಬಂಧಿಸಿದ್ದೇ ಹೊರತು, ಹತ್ತಿದ ನಿದ್ರೆ ಮುರಿಯದೆ ಉಳಿಯುವುದಕ್ಕಲ್ಲ.

ಸ್ನಾಯು ಸೆಳೆತದ ವಿಷಯದಲ್ಲಿ ಫಲಿತಾಂಶ ಇನ್ನೂ ನಿರಾಶಾದಾಯಕ. 2020ರ ಕಾಕ್ರೇನ್ ವಿಮರ್ಶೆಯ ಪ್ರಕಾರ, ಹಿರಿಯರ ಕಾಲು ಸೆಳೆತವನ್ನು ಮೆಗ್ನೀಸಿಯಮ್ ಗಮನಾರ್ಹವಾಗಿ ತಡೆಯುವ ಸಂಭವ ಕಡಿಮೆ. ಕೊರತೆ ಇದ್ದಾಗಲಾದರೋ ದಣಿವು ಮತ್ತು ಬಲಹೀನತೆ ಅದರ ಲಕ್ಷಣಗಳೇ ಆಗಿರುವುದರಿಂದ, ಕೊರತೆ ನೀಗಿದರೆ ಅವೂ ಕಡಿಮೆಯಾಗುತ್ತವೆ. ದೀರ್ಘಕಾಲದ ಅತಿಸಾರ, ಟೈಪ್ 2 ಮಧುಮೇಹ ಅಥವಾ ಅತಿಯಾದ ಮದ್ಯಪಾನ ಇರುವವರಲ್ಲಿ, ಕೆಲವು ಮೂತ್ರವರ್ಧಕ ಔಷಧಿಗಳನ್ನು ಸೇವಿಸುವವರಲ್ಲಿ ಕೊರತೆಯ ಸಂಭವ ಹೆಚ್ಚು. ಜಠರದ ಆಮ್ಲವನ್ನು ತಗ್ಗಿಸುವ ಒಮೆಪ್ರಜೋಲ್ ವರ್ಗದ ಮಾತ್ರೆಗಳನ್ನು ಬಹುಕಾಲ ನುಂಗುವವರಲ್ಲಿ ಮೆಗ್ನೀಸಿಯಮ್ ಇಳಿಯಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲಿಯೇ ಎಚ್ಚರಿಸಿದೆ.

ಲವಣಗಳ ಆಯ್ಕೆ

ಪೂರಕಗಳಲ್ಲಿ ಮೆಗ್ನೀಸಿಯಮ್ ಒಂಟಿಯಾಗಿರದೆ ಬೇರೊಂದು ವಸ್ತುವಿನೊಡನೆ ಕೂಡಿರುತ್ತದೆ. ತೂಕದಲ್ಲಿ ಶುದ್ಧ ಮೆಗ್ನೀಸಿಯಮ್‌ನ ಪಾಲು ಆಕ್ಸೈಡ್‌ನಲ್ಲಿ ಶೇಕಡಾ 60, ಸಿಟ್ರೇಟ್‌ನಲ್ಲಿ ಸುಮಾರು 16, ಗ್ಲೈಸಿನೇಟ್‌ನಲ್ಲಿ ಸುಮಾರು 14, ಥ್ರಿಯೊನೇಟ್‌ನಲ್ಲಿ ಸುಮಾರು 8. ಕೊಳ್ಳುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಡಬ್ಬಿಯ ಮೇಲಿನ "ಗ್ಲೈಸಿನೇಟ್ 500 ಮಿಲಿಗ್ರಾಂ" ಎಂಬುದು ಇಡೀ ಲವಣದ ತೂಕವಾಗಿದ್ದರೆ, ಅದರಿಂದ ದೊರೆಯುವ ಮೆಗ್ನೀಸಿಯಮ್ ಸುಮಾರು 70 ಮಿಲಿಗ್ರಾಂ ಮಾತ್ರ. ಏಳನೆಯ ತರಗತಿಯ ಶೇಕಡಾವಾರು ಲೆಕ್ಕವೇ ಇದಕ್ಕೆ ಸಾಕು. ಹಿಂಬದಿಯ ಪಟ್ಟಿಯಲ್ಲಿ "ಎಲಿಮೆಂಟಲ್ ಮೆಗ್ನೀಸಿಯಮ್" ಎಂದು ಬರೆದಿರುವ ಅಂಕಿಯನ್ನೇ ಹೋಲಿಕೆಗೆ ತೆಗೆದುಕೊಳ್ಳಬೇಕು.

ಆಕ್ಸೈಡ್ ಅಗ್ಗವಾದುದು, ಆದರೆ ನೀರಿನಲ್ಲಿ ಅಷ್ಟಾಗಿ ಕರಗದ ಕಾರಣ ದೇಹಕ್ಕೆ ಹತ್ತುವುದು ಕಡಿಮೆ, ಹೊಟ್ಟೆ ಸಡಿಲಗೊಳಿಸುವುದು ಹೆಚ್ಚು. ಸಿಟ್ರೇಟ್ ಉತ್ತಮವಾಗಿ ಹೀರಲ್ಪಡುತ್ತದೆ. ಅದಕ್ಕೂ ವಿರೇಚಕ ಗುಣವಿರುವುದರಿಂದ ಮಲಬದ್ಧತೆ ಇರುವವರಿಗೆ ಅನುಕೂಲ, ಉಳಿದವರಿಗೆ ತೊಂದರೆ. ಗ್ಲೈಸಿನೇಟ್ ಹೊಟ್ಟೆಗೆ ಸೌಮ್ಯವೆಂದು ಹೆಸರಾಗಿದೆ. ರಾತ್ರಿ ಶೌಚಕ್ಕೆ ಏಳಬೇಕಾಗಿ ಬಂದರೆ ನಿದ್ರೆಗೆಂದು ನುಂಗಿದ ಮಾತ್ರೆಯೇ ನಿದ್ರೆ ಕೆಡಿಸಿದಂತಾಗುವುದರಿಂದ ಈ ಗುಣ ಸಣ್ಣದಲ್ಲ. ಥ್ರಿಯೊನೇಟ್‌ನ ಖ್ಯಾತಿಗೆ ಮೂಲ ಇಲಿಗಳ ಮೇಲಿನ ಪ್ರಯೋಗಗಳು. ಬೆಲೆ ಮಾತ್ರ ದುಬಾರಿ.

ಪ್ರಮಾಣ ಮತ್ತು ಎಚ್ಚರಿಕೆಗಳು

ಅಮೆರಿಕದ ಮಾನದಂಡದಂತೆ ಆಹಾರವೂ ಸೇರಿ ವಯಸ್ಕ ಗಂಡಸರಿಗೆ ದಿನಕ್ಕೆ 400ರಿಂದ 420, ಹೆಂಗಸರಿಗೆ 310ರಿಂದ 320 ಮಿಲಿಗ್ರಾಂ ಬೇಕು. ವೈದ್ಯರ ಸಲಹೆಯಿಲ್ಲದೆ ಪೂರಕಗಳಿಂದಲೇ ಪಡೆಯುವ ಪ್ರಮಾಣಕ್ಕೆ ಅಲ್ಲಿ 350 ಮಿಲಿಗ್ರಾಂ, ಯುರೋಪಿನಲ್ಲಿ 250 ಮಿಲಿಗ್ರಾಂ ಗರಿಷ್ಠ ಮಿತಿ ಇದೆ. ಮೇಲೆ ಹೇಳಿದ ಇರಾನಿನ ಪ್ರಯೋಗದಲ್ಲಿ ಕೊಟ್ಟ ಪ್ರಮಾಣ ಈ ಎರಡು ಮಿತಿಗಳನ್ನೂ ಮೀರಿದ್ದು.

ಹೆಚ್ಚುವರಿ ಮೆಗ್ನೀಸಿಯಮ್ ದೇಹದಿಂದ ಹೊರಹೋಗುವುದು ಮೂತ್ರಪಿಂಡಗಳ ಮೂಲಕ. ಅವು ದುರ್ಬಲವಾಗಿದ್ದರೆ ಅದು ರಕ್ತದಲ್ಲಿ ಶೇಖರವಾಗಿ ರಕ್ತದೊತ್ತಡ ಕುಸಿತ, ಸ್ನಾಯುಗಳ ಬಲಹೀನತೆ, ಹೃದಯ ಬಡಿತದ ಏರುಪೇರು ಉಂಟಾಗಬಹುದು, ಪ್ರಾಣಾಪಾಯವೂ ಸಂಭವಿಸಬಹುದು. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಇದನ್ನು ಸೇವಿಸಬಾರದು. ಥೈರಾಯ್ಡ್ ಮಾತ್ರೆ, ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್, ಟೆಟ್ರಾಸೈಕ್ಲಿನ್ ಹಾಗೂ ಸಿಪ್ರೊಫ್ಲಾಕ್ಸಾಸಿನ್‌ನಂತಹ ಪ್ರತಿಜೀವಕಗಳು ಮೆಗ್ನೀಸಿಯಮ್ ಜೊತೆಯಲ್ಲಿ ಸರಿಯಾಗಿ ಹೀರಲ್ಪಡುವುದಿಲ್ಲ. ಥೈರಾಯ್ಡ್ ಮಾತ್ರೆಗೂ ಪೂರಕಕ್ಕೂ ನಡುವೆ ಕನಿಷ್ಠ ನಾಲ್ಕು ಗಂಟೆಗಳ ಅಂತರವಿರಬೇಕು.

ಆಹಾರ ಮೂಲಗಳು

ಕುಂಬಳದ ಬೀಜ, ಬಾದಾಮಿ, ಕಡಲೆಕಾಯಿ, ಬೇಳೆಕಾಳು, ಸೊಪ್ಪುಗಳು ಮತ್ತು ಪಾಲಿಶ್ ಮಾಡದ ಧಾನ್ಯಗಳಲ್ಲಿ ಮೆಗ್ನೀಸಿಯಮ್ ಧಾರಾಳವಾಗಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 140 ಮಿಲಿಗ್ರಾಂ ಇದ್ದರೆ, ಅಷ್ಟೇ ಪಾಲಿಶ್ ಅಕ್ಕಿಯಲ್ಲಿ ಸುಮಾರು 20 ಮಿಲಿಗ್ರಾಂ ಇದೆ. ಮುದ್ದೆಯ ಬದಲು ಮೂರು ಹೊತ್ತೂ ಬಿಳಿ ಅನ್ನಕ್ಕೆ ಒಗ್ಗಿಕೊಂಡ ಮನೆಗಳಲ್ಲಿ ಈ ವ್ಯತ್ಯಾಸ ಗಮನಿಸತಕ್ಕದ್ದು.

ಇತರ ಕಾರಣಗಳು

ನಡುರಾತ್ರಿಯ ಎಚ್ಚರಕ್ಕೆ ಮೆಗ್ನೀಸಿಯಮ್‌ಗೆ ಸಂಬಂಧವಿಲ್ಲದ ಕಾರಣಗಳು ಹಲವು: ನಿದ್ರೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯ, ಪ್ರಾಸ್ಟೇಟ್ ಗ್ರಂಥಿಯ ಊತ ಅಥವಾ ಮಧುಮೇಹದಿಂದ ಮೂತ್ರಕ್ಕೆ ಏಳಬೇಕಾಗುವುದು, ಖಿನ್ನತೆ, ಸಂಜೆಯ ಕಾಫಿ, ಮದ್ಯ. ಸ್ನಾಯುಗಳ ದಣಿವಿನ ಹಿಂದೆ ರಕ್ತಹೀನತೆ, ಥೈರಾಯ್ಡ್ ಕೊರತೆ, ಡಿ ಅಥವಾ ಬಿ12 ಜೀವಸತ್ವದ ಕೊರತೆ, ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಗಳು ಇರಬಹುದು. ಜೋರಾಗಿ ಗೊರಕೆ ಹೊಡೆದು ಉಸಿರು ಸಿಕ್ಕಿದಂತಾಗಿ ಏಳುವವರು ಪೂರಕ ನುಂಗುತ್ತಾ ತಿಂಗಳುಗಟ್ಟಲೆ ಕಾದರೆ ಕಾಯಿಲೆ ಪತ್ತೆಯಾಗುವುದು ತಡವಾಗುತ್ತದೆ. ದೀರ್ಘಕಾಲದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆಯಾಗಿ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲಿ ಶಿಫಾರಸು ಮಾಡಿರುವುದು ಯಾವ ಮಾತ್ರೆಯನ್ನೂ ಅಲ್ಲ. ಮಲಗುವ ವೇಳೆ, ಹಾಸಿಗೆಯಲ್ಲಿ ಕಳೆಯುವ ಅವಧಿ ಮತ್ತು ನಿದ್ರೆಯ ಕುರಿತ ಆತಂಕವನ್ನು ತಿದ್ದುವ ವರ್ತನಾ ಚಿಕಿತ್ಸೆಯನ್ನು.