ಹಿಮ ಕರಗಿದ ನೆಲದಲ್ಲಿ ಹಿಮನದಿಯ ಚರಿತ್ರೆ

ಆರ್ಕ್‌ಟಿಕ್‌ನ ಹಿಮನದಿಗಳ ಬಗ್ಗೆ ನಮಗೆ ತಲುಪುವ ಸುದ್ದಿ ಹೆಚ್ಚಾಗಿ ಅವು ಎಷ್ಟು ಹಿಂದೆ ಸರಿದವು ಎಂಬುದರದ್ದು. ಅವು ಹೇಗೆ ನಡೆಯುತ್ತಿದ್ದವು, ಆ ನಡೆ ಯಾವಾಗ ಬದಲಾಯಿತು ಎಂಬುದನ್ನು ತಿಳಿಯಲು ಹಿಮ ಬಿಟ್ಟುಹೋದ ದಿಬ್ಬ, ಏರು, ಕಲ್ಲುಮಣ್ಣನ್ನೇ ಓದಬೇಕು. ಹಿಮಭೂರೂಪ ವಿಜ್ಞಾನದ ಕೆಲಸ ಅದೇ. ಅದಕ್ಕೆ ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್‌ಗಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ. ಸ್ವೀಡನ್ನಿನ ಭೂವಿಜ್ಞಾನಿ ಯೆರಾರ್ಡ್ ಡೆ ಗೇರ್ 1882ರಲ್ಲೇ ಅಲ್ಲಿಗೆ ಹೋಗಿದ್ದರು. ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರವೂ 2008ರಿಂದ ಅಲ್ಲೇ ಇದೆ.

ಸ್ವಾಲ್‌ಬಾರ್ಡ್‌ನ ಅನೇಕ ಹಿಮನದಿಗಳು ದಶಕಗಟ್ಟಲೆ ತೆವಳುತ್ತಾ ಮೇಲ್ಭಾಗದಲ್ಲಿ ಹಿಮ ಕೂಡಿಟ್ಟುಕೊಂಡು, ಆಮೇಲೆ ಕೆಲವೇ ವರ್ಷ ಏಕಾಏಕಿ ಮುನ್ನುಗ್ಗುತ್ತವೆ. ಇದಕ್ಕೆ ‘ಸರ್ಜ್’ ಎನ್ನುತ್ತಾರೆ. 1930ರ ದಶಕದ ಕೊನೆಯಲ್ಲಿ ಬ್ರೋಸ್ವೆಲ್‌ಬ್ರೇನ್ ಹೀಗೆ ಸುಮಾರು 20 ಕಿ.ಮೀ. ಸಮುದ್ರದೊಳಕ್ಕೆ ಚಾಚಿತು. ನುಗ್ಗುವಾಗ ಹಿಮ ತಳದವರೆಗೆ ಬಿರಿಯುತ್ತದೆ. ನೀರು ಕುಡಿದು ಮೆತ್ತಗಾದ ತಳದ ಮಣ್ಣು ಹಿಮದ ಭಾರಕ್ಕೆ ಆ ಬಿರುಕುಗಳೊಳಗೆ ಉಕ್ಕುತ್ತದೆ. ಓಟ ನಿಂತ ಹಿಮ ಇದ್ದಲ್ಲೇ ಕರಗಿದರೆ, ಆ ಮಣ್ಣು ಒಂದನ್ನೊಂದು ಕತ್ತರಿಸುವ ಸಣ್ಣ ಏರುಗಳ ಜಾಲವಾಗಿ ಉಳಿಯುತ್ತದೆ. ಹಿಮ ಚಲಿಸುತ್ತಲೇ ಇದ್ದಿದ್ದರೆ ಅವು ಅಳಿಸಿಹೋಗುತ್ತಿದ್ದವು. ಹಾಗಾಗಿ ಅವು ಉಳಿದಿರುವುದೇ ಓಟಕ್ಕೂ ಅದರ ನಿಲುಗಡೆಗೂ ಪುರಾವೆ.

ಬೇರೆ ಬೇರೆ ಕಾರಣಗಳಿಂದ ಒಂದೇ ಬಗೆಯ ದಿಬ್ಬ ಹುಟ್ಟಬಹುದಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. ಹಿಮಾದ್ರಿಗೆ ಹತ್ತಿರದ ಮಿಡ್ಟ್ರೆ ಲೊವೆನ್‌ಬ್ರೇನ್ ಹಿಂದೆ ಸರ್ಜ್ ಕಂಡಿತ್ತೇ ಎಂಬ ಬಗ್ಗೆ ಬಲ್ಲವರಲ್ಲೇ ಒಮ್ಮತವಿಲ್ಲ. ಅದಕ್ಕೇ ಒಂಟಿ ದಿಬ್ಬವನ್ನು ನಂಬುವಂತಿಲ್ಲ. ಏರುಗಳ ಜಾಲ, ಅಂಚಿನಲ್ಲಿ ತಳ್ಳಿ ಮಡಿಸಿದ ಮೊರೇನ್ (ಹಿಮ ಗುಡ್ಡೆಹಾಕಿದ ಕಲ್ಲುಮಣ್ಣು), ಮಣ್ಣಿನ ಪದರ, ಹಳೆಯ ಛಾಯಾಚಿತ್ರ ಎಲ್ಲವೂ ಒಂದೇ ಮಾತು ಹೇಳಬೇಕು. ಉಪಗ್ರಹಗಳಿರುವಾಗ ಮಣ್ಣೇಕೆ ಎಂದರೆ, ಎರಡು ಸರ್ಜ್‌ಗಳ ನಡುವಿನ ಅವಧಿ ಎಷ್ಟೋ ಬಾರಿ ಉಪಗ್ರಹಯುಗಕ್ಕಿಂತ ದೀರ್ಘ. ಇನ್ನು, ಹಿಮನದಿ ಮುಂದೆ ಬಂದರೆ ತಾಪಮಾನ ಏರುತ್ತಿಲ್ಲ ಎಂದರ್ಥವೇ? ಅಲ್ಲ. ಸರ್ಜ್‌ನಲ್ಲಿ ಮೇಲಿನ ಹಿಮ ಕೆಳಗಿನ ಬೆಚ್ಚನೆಯ ಮಟ್ಟಕ್ಕೆ ಇಳಿಯುತ್ತದೆ, ಅಷ್ಟೆ. ಅದು ಬಿಟ್ಟ ಹೊರಗಿನ ಮೊರೇನನ್ನು ಶೀತ ಯುಗದ ಗುರುತೆಂದು ಓದಿದರೆ ಹವಾಮಾನದ ಇತಿಹಾಸವೇ ತಪ್ಪಾಗುತ್ತದೆ.

ನನಗೆ ಎಲ್ಲಕ್ಕಿಂತ ಮಹತ್ವದ್ದೆನಿಸುವುದು ಇನ್ನೊಂದು ಸಾಕ್ಷ್ಯ. ಎಷ್ಟೋ ಹಿಮನದಿಗಳ ಮುಂದಿನ ಬಯಲಿನಲ್ಲಿ ನೇಗಿಲ ಸಾಲಿನಂತೆ ನೀಳವಾದ ಗೆರೆಗಳಿವೆ. ತಳ ಕರಗಿ ಹಿಮ ಜಾರಿದಾಗ ಮೂಡುವ ಗೆರೆಗಳವು. ಇಂದು ಅದೇ ಹಿಮನದಿಗಳ ತೆಳುವಾದ ಅಂಚು ನೆಲಕ್ಕೆ ಹೆಪ್ಪುಗಟ್ಟಿ ಅಂಟಿಕೊಂಡಿದೆ. ಹಿಮ ತೆಳುವಾದಷ್ಟೂ ಚಳಿಗಾಲದ ಶೀತ ತಳ ಮುಟ್ಟುತ್ತದೆ. ಗಾಳಿ ಬೆಚ್ಚಗಾದಂತೆ ಹಿಮನದಿಯ ಒಡಲು ತಣ್ಣಗಾಗಿ ನಡಿಗೆ ಕುಂದುತ್ತದೆ. ಅಂಥ ಹಿಮನದಿಗೆ ಮತ್ತೆ ಸರ್ಜ್ ಆಗುವಷ್ಟು ಹಿಮ ಕೂಡಿಡುವ ಶಕ್ತಿಯೂ ಉಳಿಯದಿರಬಹುದು.