ಕುದುರೆ ಮೈಗೆ ಮೆಷಿನ್ ಹಿಡಿಯುವ ಮುನ್ನ

ಬೆಂಗಳೂರಿನ ನಾಗರಬಾವಿಯ ರಸ್ತೆಗಳಲ್ಲಿ ಮದುವೆ ಮೆರವಣಿಗೆಯ ಸಾರೋಟು ಬಂದರೆ ಮಕ್ಕಳು ಬಾಲ್ಕನಿಗೆ ಓಡುತ್ತಾರೆ. ಕುದುರೆಯ ಜರಿ ಹೊದಿಕೆ, ಹಣೆಯ ಗರಿ ಎಲ್ಲರ ಕಣ್ಣಿಗೂ ಬೀಳುತ್ತವೆ. ಆ ಹೊದಿಕೆಯ ಕೆಳಗಿನ ಕೂದಲು, ಚರ್ಮ ನೋಡಿಕೊಳ್ಳುವವರ ಕಸುಬು ಮಾತ್ರ ಲಾಯದಾಚೆ ಯಾರಿಗೂ ಕಾಣುವುದಿಲ್ಲ. ವಿದ್ಯುತ್ ಕ್ಲಿಪ್ಪರ್‌ನಿಂದ ಕುದುರೆಯ ಮೈಗೂದಲು ತೆಗೆಯುವುದು ಆ ಕಸುಬಿನ ಸೂಕ್ಷ್ಮ ಕೆಲಸಗಳಲ್ಲೊಂದು.

ನಮ್ಮ ಸೀಮೆಗೆ ಕುದುರೆ ಹೊಸದಲ್ಲ. ಇಲ್ಲಿಂದ ಮಾಗಡಿ ರಸ್ತೆ ಹಿಡಿದು ಮುಂದೆ ಸಾಗಿದರೆ ಕುಣಿಗಲ್. ಟಿಪ್ಪುವಿನ ಕಾಲದಿಂದ ಹೆಸರಾದ ಕುದುರೆ ಫಾರಂ ಅಲ್ಲಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಪಡೆಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಅಶ್ವದಳವೂ ಇತ್ತು. ದಸರಾ ಮೆರವಣಿಗೆಯಲ್ಲಿ ಅಶ್ವಾರೋಹಿ ಪೊಲೀಸರನ್ನು ಇಂದಿಗೂ ನೋಡುತ್ತೇವೆ. ಬೆಂಗಳೂರಿನ ರೇಸ್‌ಕೋರ್ಸ್‌ನಲ್ಲಿ, ಸವಾರಿ ಶಾಲೆಗಳಲ್ಲಿ ಬೆಳಗಿನ ಜಾವವೇ ಕುದುರೆ ನೋಡಿಕೊಳ್ಳುವ ಸೈಸ್‌ಗಳ ಕೆಲಸ ಶುರುವಾಗುತ್ತದೆ.

ಕೂದಲು ತೆಗೆಯುವುದೇಕೆ? ಹಗಲು ಕಿರಿದಾಗುತ್ತ ಬಂದಂತೆ ಕುದುರೆಯ ಮೈಯಲ್ಲಿ ಚಳಿಗಾಲದ ದಟ್ಟ ಕೂದಲು ಬೆಳೆಯುತ್ತದೆ. ಲಂಡನ್ನಿನಲ್ಲಿ ಬೇಸಿಗೆಯ ಮತ್ತು ಚಳಿಗಾಲದ ಹಗಲಿಗೆ ಎಂಟು ಗಂಟೆಗೂ ಮೀರಿದ ವ್ಯತ್ಯಾಸ. ಬೆಂಗಳೂರಿನಲ್ಲಿ ಸುಮಾರು ಒಂದೂವರೆ ಗಂಟೆ ಅಷ್ಟೇ. ಹೀಗಾಗಿ ನಮ್ಮಲ್ಲಿ ಕೂದಲು ಅಷ್ಟು ದಟ್ಟವಾಗುವುದಿಲ್ಲ. ಆದರೂ ದಿನಾ ಬೆವರು ಸುರಿಸಿ ಓಡುವ ಕುದುರೆಗೆ ಉದ್ದ ಕೂದಲಿದ್ದರೆ ಬೆವರು ಬೇಗ ಆರುವುದಿಲ್ಲ, ಜನವರಿಯ ಬೆಳಗಿನ ಗಾಳಿಗೆ ಮೈ ತಣ್ಣಗಾಗುತ್ತದೆ. ಗಾಯಕ್ಕೆ ಪಟ್ಟಿ ಕಟ್ಟಲು, ಸ್ಕ್ಯಾನ್ ಮಾಡಲು, ಚರ್ಮರೋಗಕ್ಕೆ ಔಷಧ ಹಚ್ಚಲು ಆಯಾ ಜಾಗದ ಕೂದಲನ್ನಷ್ಟೇ ತೆಗೆಯುವುದೂ ಉಂಟು.

ಕೆಲಸದ ಅರ್ಧ ಭಾಗ ಮೆಷಿನ್ ಶುರುವಾಗುವ ಮೊದಲೇ ಮುಗಿದಿರಬೇಕು. ಕುದುರೆಯ ಮೈ ತೊಳೆದು ಪೂರ್ತಿ ಒಣಗಿರಬೇಕು. ಧೂಳು ತುಂಬಿದ ಕೂದಲಿಗೆ ಬ್ಲೇಡ್ ಬೇಗ ಮೊಂಡಾಗುತ್ತದೆ, ಬಿಸಿಯಾಗುತ್ತದೆ, ಕೂದಲನ್ನು ಕತ್ತರಿಸುವ ಬದಲು ಕೀಳುತ್ತದೆ. ಮೆಷಿನ್ನಿನ ಗುಂಯ್ ಸದ್ದು ಕುದುರೆಗೆ ಭಯ. ಹಾಗಾಗಿ ಮೊದಲು ದೂರದಲ್ಲಿ ಚಾಲೂ ಮಾಡಿ ಸದ್ದು ಕೇಳಿಸುತ್ತಾರೆ. ಆಮೇಲೆ ಹತ್ತಿರ ಬಂದು ಭುಜದ ಮೇಲೆ ಅಂಗೈ ಇಟ್ಟು, ಆ ಕೈಯ ಮೇಲೆ ಮೆಷಿನ್ ಒರಗಿಸಿ ನಡುಕದ ಪರಿಚಯ ಮಾಡಿಸುತ್ತಾರೆ. ಕುದುರೆ ತಲೆ ತಗ್ಗಿಸಿ ಉಸಿರು ಬಿಟ್ಟರೆ ಒಪ್ಪಿದಂತೆ. ಒಪ್ಪದಿದ್ದರೆ ಆ ದಿನದ ಪಾಠ ಅಲ್ಲಿಗೇ ಸಾಕು.

ಬ್ಲೇಡನ್ನು ಮೈಗೆ ಸಪಾಟಾಗಿ ಇಟ್ಟು ಕೂದಲಿನ ಎದುರು ದಿಕ್ಕಿಗೆ ಉದ್ದುದ್ದ ಸಾಲು ಎಳೆಯಬೇಕು, ಒತ್ತಬಾರದು. ಹಿರಿಯರು ಶುಭಾಶುಭ ನೋಡುತ್ತಿದ್ದ ಸುಳಿ ಇಲ್ಲಿ ದಾರಿಯ ಗುರುತು: ಸುಳಿ ಬಂದಲ್ಲಿ ಕೂದಲಿನ ದಿಕ್ಕು ಬದಲಾಗುತ್ತದೆ, ಕೈಯೂ ತಿರುಗಬೇಕು. ಮುಂಗಾಲಿನ ಸಂದು, ತೊಡೆಸಂದಿನ ಸಡಿಲ ಚರ್ಮವನ್ನು ಇನ್ನೊಂದು ಕೈಯಿಂದ ಬಿಗಿಹಿಡಿಯದಿದ್ದರೆ ಬ್ಲೇಡ್ ಕಚ್ಚಿ ಗಾಯವಾಗುವುದು ಖಂಡಿತ. ಐದು ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ, ಬ್ಲೇಡನ್ನು ಮಣಿಕಟ್ಟಿಗೆ ತಾಗಿಸಿ ನೋಡಬೇಕು. ನಮಗೆ ಸುಟ್ಟರೆ ಕುದುರೆಗೂ ಸುಡುತ್ತದೆ. ಬ್ಲೇಡಿನ ಹಲ್ಲಿಗೆ ಸಿಕ್ಕ ಕೂದಲು ಝಾಡಿಸಿ, ಎಣ್ಣೆ ಬಿಟ್ಟು, ತಣಿದ ಮೇಲೆ ಮುಂದಿನ ಸಾಲು.

ಕರೆಂಟಿನ ವಿಷಯದಲ್ಲಿ ರಾಜಿಯೇ ಬೇಡ. ನೆಲ ಒಣಗಿರಬೇಕು, ಜಾರಬಾರದು. ವೈರು ಕುದುರೆಯ ಕಾಲಿಗೆ, ಬಾಯಿಗೆ ಎಟುಕಬಾರದು. ಕಾಲಿಗೆ ಕಬ್ಬಿಣದ ಲಾಳ, ಕೆಳಗೆ ಒದ್ದೆ ನೆಲ ಇದ್ದರೆ ಅಪಾಯ ಇಮ್ಮಡಿ. ಕರೆಂಟ್ ಸೋರಿದ ಕ್ಷಣವೇ ಕಡಿದುಹಾಕುವ ಆರ್‌ಸಿಸಿಬಿ ಲಾಯದಲ್ಲಿ ಇರಲೇಬೇಕು. ಬ್ಯಾಟರಿಯ ಮೆಷಿನ್ ಇನ್ನೂ ಒಳ್ಳೆಯದು. ಲಗಾಮು ಹಿಡಿದವರು ಕೂದಲು ತೆಗೆಯುವವರ ಪಕ್ಕದಲ್ಲೇ ನಿಂತಿರಬೇಕು. ಕಾಲಿನ ಕೂದಲು ತೆಗೆಯುವಾಗ ನೆಲಕ್ಕೆ ಕೂರದೆ, ಬಗ್ಗಿಯೇ ಕೆಲಸ ಮಾಡಬೇಕು. ಕುದುರೆ ಒದ್ದರೆ ಚಂಗನೆ ಸರಿಯಲು ಅದೇ ದಾರಿ.

ಮೂತಿ ಮತ್ತು ಕಣ್ಣಿನ ಸುತ್ತಲಿನ ಉದ್ದ ಮೀಸೆಗೂದಲನ್ನು ಮುಟ್ಟುವಂತಿಲ್ಲ. ಮೂತಿಯ ಕೆಳಗಿರುವುದನ್ನು ಕುದುರೆ ಅದರಿಂದಲೇ ತಿಳಿಯುತ್ತದೆ. ಅವನ್ನು ತೆಗೆದ ಕುದುರೆಗಳು ಸ್ಪರ್ಧಿಸುವಂತಿಲ್ಲ ಎಂದು ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟ 2021ರ ಜುಲೈ 1ರಿಂದ ನಿಯಮ ಮಾಡಿದೆ. ಕಿವಿಯೊಳಗಿನ ಕೂದಲು ನೊಣ, ಧೂಳನ್ನು ತಡೆಯುತ್ತದೆ, ಅದೂ ಇರಲಿ. ಒಂದು ಕುದುರೆಯ ಹುಳುಕಡ್ಡಿ ಬ್ಲೇಡಿನ ಮೂಲಕ ಇನ್ನೊಂದಕ್ಕೆ ಹರಡುವುದರಿಂದ ಪ್ರತಿ ಕುದುರೆಗೂ ಬ್ಲೇಡ್ ಶುದ್ಧಮಾಡಬೇಕು. ಎಷ್ಟು ಅಭ್ಯಾಸ ಮಾಡಿಸಿದರೂ ಹೆದರುವ ಕುದುರೆಗೆ ಮಂಪರು ಚುಚ್ಚುಮದ್ದು ಬೇಕಾದರೆ ಅದನ್ನು ಪಶುವೈದ್ಯರೇ ಕೊಡಬೇಕು.

ಬೇಸಿಗೆಯಲ್ಲಿ ತಂಪಾಗಲೆಂದು ಮೈ ಪೂರ್ತಿ ಬೋಳಿಸುವುದು ತಪ್ಪು. ಬಿಳಿ ಕೂದಲಿನ ಕೆಳಗೆ ಗುಲಾಬಿ ಚರ್ಮವಿದ್ದರೆ ಬಿಸಿಲಿಗೆ ಸುಡುತ್ತದೆ, ನೊಣದ ಕಾಟವೂ ಹೆಚ್ಚು. ಮೆರವಣಿಗೆಯ ಅಂದಕ್ಕಾಗಿ ಬ್ರಷ್ ಸಾಕು, ಬ್ಲೇಡ್ ಬೇಡ. ಸಾರೋಟು ಕರೆಸುವ ಮನೆಯವರು ಬಾಡಿಗೆ ಮಾತಾಡುವಾಗಲೇ ಕುದುರೆಯ ಮೈ ಒಮ್ಮೆ ನೋಡಿ. ಚರ್ಮದಲ್ಲಿ ಗಾಯ, ಸುಟ್ಟ ಗುರುತು ಕಂಡರೆ ಆ ಕುದುರೆಗೆ ವಿಶ್ರಾಂತಿ ಕೊಡಿ ಎಂದು ಹೇಳಿ.